ಗಲ್ಲಾಪೆಟ್ಟಿಗೆಯ ಹೊಣೆ ಯಾರ ಹೆಗಲಿಗೆ?

ಆಂಧ್ರಪ್ರದೇಶದ ಎರಡು ದೊಡ್ಡ ನಗರಗಳಾದ ವಿಶಾಖಪಟ್ಟಣ ಮತ್ತು ವಿಜಯವಾಡದಲ್ಲಿ ಸಂಜೆಯಾಯಿತೆಂದರೆ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಿಜಯವಾಡದ ಬೆಂಜ್ ಸರ್ಕಲ್, ಬಂದರು ರಸ್ತೆ, ವಿಶಾಖಪಟ್ಟಣದ ಜಗದಾಂಬ ಜಂಕ್ಷನ್, ದ್ವಾರಕಾನಗರ, ಸಿರಿಪುರಂ ಕಡೆಗಳಲ್ಲಿ ಬರ್ಗರ್, ಪಿಜ್ಜಾ, ಕರಿದ ಕೋಳಿ ಮಾರುವ ಅಂಗಡಿಗಳ ಮುಂದೆ ಕಾಲೇಜು ಹುಡುಗರು, ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು ಸಾಲುಗಟ್ಟುತ್ತಾರೆ. ಒಳಗೆ ಹೋದವರಿಗೆ ಮೊದಲು ಎದುರಾಗುವುದು ಕ್ಯಾಷಿಯರ್. ಬಹುಪಾಲು ಇಪ್ಪತ್ತರ ಆಸುಪಾಸಿನ ವಯಸ್ಸು. ಕೆಲವರು ಡಿಗ್ರಿ ಓದುತ್ತಲೇ ದುಡಿಯುವವರು, ಕೆಲವರು ಶ್ರೀಕಾಕುಳಂ, ವಿಜಯನಗರಂ ಕಡೆಯಿಂದ ಕೆಲಸ ಹುಡುಕಿಕೊಂಡು ನಗರಕ್ಕೆ ಬಂದವರು. ನಾವು ಅವರೆದುರು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಅವರ ಕೆಲಸ ನಮಗೆ ಸುಲಭವಾಗಿ ಕಾಣುತ್ತದೆ: ಕೇಳಿದ್ದನ್ನು ಒತ್ತು, ದುಡ್ಡು ತಗೋ, ಚಿಲ್ಲರೆ ಕೊಡು.

ಆ ಕೆಲಸ ಅಷ್ಟು ಸುಲಭದ್ದಲ್ಲ. ಆ ಹುಡುಗ ಹುಡುಗಿಯರು ಏನೇನು ಹೊರುತ್ತಾರೆ, ಲೆಕ್ಕ ತಪ್ಪಿದರೆ ಯಾರು ತೆರುತ್ತಾರೆ, ಕಾನೂನು ಅವರಿಗೆ ಏನು ಕೊಟ್ಟಿದೆ ಎಂಬುದನ್ನು ತಿಳಿಸುವುದು ಈ ವಾರದ ಬರಹದ ಉದ್ದೇಶ. ವಿಶಾಖಪಟ್ಟಣದ ಮಾತು ನಮಗೇಕೆ ಎನ್ನಬೇಡಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕೌಂಟರುಗಳಲ್ಲೂ ಇರುವುದು ಇಂಥವೇ ಕಂಪನಿಗಳು, ಇಂಥವೇ ಯಂತ್ರಗಳು; ಕೇಂದ್ರದ ಕಾನೂನುಗಳಂತೂ ಎಲ್ಲ ಕಡೆಗೂ ಒಂದೇ.

ಒಡೆಯರ ಕುರ್ಚಿ

ಹೋಟೆಲಿನ ಗಲ್ಲಾ ಎಂದರೇನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಡುಪಿ ಹೋಟೆಲಿನಲ್ಲಿ ಬಾಗಿಲ ಬಳಿಯ ಎತ್ತರದ ಕುರ್ಚಿ, ಮುಂದೆ ಮರದ ಮೇಜು, ತಲೆಯ ಮೇಲೆ ಊದುಬತ್ತಿ ಸಿಕ್ಕಿಸಿದ ದೇವರ ಪಟ. ಅಲ್ಲಿ ಕೂರುತ್ತಿದ್ದುದು ಹೋಟೆಲಿನ ಯಜಮಾನರು. ಅವರಿಲ್ಲದಾಗ ತಮ್ಮ, ಮಗ, ಭಾವಮೈದುನ ಹೀಗೆ ಮನೆಯವರೊಬ್ಬರು. ಅಡುಗೆಗೆ, ಸಪ್ಲೈಗೆ, ಕ್ಲೀನಿಂಗಿಗೆ ಆಳುಗಳಿದ್ದರೂ ಗಲ್ಲಾ ಮಾತ್ರ ಬೇರೆಯವರ ಕೈಗೆ ಸಲೀಸಾಗಿ ಹೋಗುತ್ತಿರಲಿಲ್ಲ. ವರ್ಷಗಟ್ಟಲೆ ದುಡಿದು ನಂಬಿಕೆ ಗಳಿಸಿದ ಮೇಲೆ ಒಬ್ಬ ಹುಡುಗನಿಗೆ ಗಲ್ಲಾದಲ್ಲಿ ಕೂರುವ ಅವಕಾಶ ಸಿಕ್ಕರೆ ಅದು ಬಡ್ತಿ. ಅಲ್ಲಿಂದ ಅವನು ಸ್ವಂತ ಹೋಟೆಲು ತೆರೆಯುವವರೆಗೂ ಬೆಳೆದ ಕಥೆಗಳು ಕರಾವಳಿಯ ಮನೆಮನೆಯಲ್ಲಿವೆ. ಗಲ್ಲಾದಲ್ಲಿ ನಾಲ್ಕು ರೂಪಾಯಿ ಕಡಿಮೆ ಬಿದ್ದರೆ ಯಜಮಾನರು ತಮ್ಮ ದುಡ್ಡನ್ನೇ ಕಳೆದುಕೊಂಡಂತೆ. ಅವರು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಆರಂಭಿಸಿದಾಗ ಗಲ್ಲಾದ ಕ್ರಮ ತಲೆಕೆಳಗಾಯಿತು. ಮೊದಲು ತಿಂದು ಆಮೇಲೆ ಬಿಲ್ಲು ಕೊಡುತ್ತಿದ್ದವರು ಮೊದಲು ದುಡ್ಡು ಕೊಟ್ಟು ಟೋಕನ್ ಪಡೆದು, ನಿಂತೇ ತಿನ್ನತೊಡಗಿದರು. ಆದರೂ ದರ್ಶಿನಿಗಳ ಗಲ್ಲಾದಲ್ಲಿ ಇಂದಿಗೂ ಒಂದು ಕುರ್ಚಿಯಿದೆ, ಹೆಚ್ಚಿನ ಕಡೆ ಅದರಲ್ಲಿ ಮಾಲೀಕರೋ ಅವರ ನಂಬಿಕಸ್ಥರೋ ಇದ್ದಾರೆ.

ವಿದೇಶಿ ಸರಣಿ ಅಂಗಡಿಗಳ ಬೇರು ಬೇರೆ ಕಡೆ ಇದೆ. ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಎಂಬ ಸಹೋದರರು 1948ರಲ್ಲಿ ತಮ್ಮ ಹೋಟೆಲನ್ನು ಹೊಸದಾಗಿ ಕಟ್ಟಿದರು. ಕಾರಿನ ಬಳಿಗೇ ಹೋಗಿ ಊಟ ಬಡಿಸುತ್ತಿದ್ದ ಕೆಲಸಗಾರರನ್ನು ತೆಗೆದರು, ತಿಂಡಿಗಳ ಪಟ್ಟಿಯನ್ನು ಮೊಟಕುಗೊಳಿಸಿದರು, ಗಿರಾಕಿಯೇ ಕಿಟಕಿಗೆ ಬಂದು ದುಡ್ಡು ಕೊಟ್ಟು ಒಯ್ಯುವಂತೆ ಮಾಡಿದರು. ಅಡುಗೆಮನೆಯ ಪ್ರತಿ ಕೆಲಸವನ್ನೂ ಸಣ್ಣ ಸಣ್ಣ ತುಂಡು ಮಾಡಿ, ಯಾರು ಬೇಕಾದರೂ ಬೇಗ ಕಲಿಯುವಂತೆ ಹೊಂದಿಸಿದರು. ಆ ಪದ್ಧತಿ ನಮ್ಮ ದೇಶಕ್ಕೆ ಬಂದದ್ದು ತೊಂಬತ್ತರ ದಶಕದ ನಡುವೆ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ನಡೆಸಿದ ಹೋರಾಟ ನೆನಪಿರುವವರು ಇನ್ನೂ ಇದ್ದಾರೆ. 1996ರಲ್ಲಿ ದೆಹಲಿಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಂತು. ಅಲ್ಲಿಂದ ಒಂದೊಂದೇ ನಗರ ದಾಟಿ ಈ ಅಂಗಡಿಗಳು ಆಂಧ್ರದ ಕರಾವಳಿಯನ್ನೂ ತಲುಪಿದವು.

ಈ ಹೊಸ ಪದ್ಧತಿಯಲ್ಲಿ ಗಲ್ಲಾ ಯಜಮಾನರ ಕೈಬಿಟ್ಟು, ಕೆಲಸಕ್ಕೆ ಸೇರಿ ಕೆಲವೇ ವಾರವಾದ, ಅಂಗಡಿಯಲ್ಲೇ ಅತಿ ಕಡಿಮೆ ಸಂಬಳದ ಸಾಲಿನಲ್ಲಿರುವ ಹುಡುಗಿಯ ಕೈಗೆ ಬಂತು. ಕುರ್ಚಿ ಹೋಯಿತು, ಆಕೆ ಪಾಳಿ ಪೂರ್ತಿ ನಿಂತೇ ಇರಬೇಕು. ಯಜಮಾನರ ಅಧಿಕಾರ ಬರಲಿಲ್ಲ, ಒಂದು ಬಿಲ್ ರದ್ದು ಮಾಡಲೂ ಮ್ಯಾನೇಜರ್ ಬಂದು ತಮ್ಮ ಕಾರ್ಡು ಉಜ್ಜಬೇಕು. ಉಳಿದದ್ದು ಹೊಣೆ ಮಾತ್ರ. ಅದು ಹೇಗೆ ಎಂಬುದನ್ನು ಹತ್ತಿರದಿಂದ ನೋಡೋಣ.

ಒಂದು ಬಿಲ್ಲಿನ ಒಳಗೆ

ಪಾಳಿ ಶುರುವಾಗುವಾಗ ಮ್ಯಾನೇಜರ್ ಕ್ಯಾಷಿಯರಿಗೆ ಒಂದಿಷ್ಟು ಆರಂಭದ ಹಣ ಎಣಿಸಿಕೊಡುತ್ತಾರೆ, ಹೆಚ್ಚಾಗಿ ಚಿಲ್ಲರೆಯ ರೂಪದಲ್ಲಿ. ಅದನ್ನು ತಾನೂ ಎಣಿಸಿ ಸಹಿ ಹಾಕಿದ ಕ್ಷಣದಿಂದ ಡ್ರಾಯರಿನ ಹೊಣೆ ಕ್ಯಾಷಿಯರಿನದು. ಆಮೇಲೆ ಆಕೆಯ ಹೆಸರಿನ ಲಾಗಿನ್‌ನಲ್ಲಿ ಆದ ಪ್ರತಿ ಬಿಲ್ಲೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. 199 ರೂಪಾಯಿಯ ಒಂದು ಊಟ. ಹೋಟೆಲುಗಳ ಮೇಲಿನ ಜಿಎಸ್‌ಟಿ 2017ರ ನವೆಂಬರ್ 15ರಿಂದ ಸಾಮಾನ್ಯವಾಗಿ ಶೇ 5, ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ತೆರಿಗೆ ಸುಮಾರು ಹತ್ತು ರೂಪಾಯಿ ಸೇರಿ ಬಿಲ್ಲು 209 ಆಗುತ್ತದೆ. ಗಿರಾಕಿ 500ರ ನೋಟು ಕೊಡುತ್ತಾರೆ. ವಾಪಸ್ ಕೊಡಬೇಕಾದ್ದು 291. ಇನ್ನೂರರ ಒಂದು, ಐವತ್ತರ ಒಂದು, ಇಪ್ಪತ್ತರ ಎರಡು ನೋಟು, ಒಂದು ರೂಪಾಯಿಯ ನಾಣ್ಯ. ಆ ಒಂದು ರೂಪಾಯಿ ಡ್ರಾಯರಿನಲ್ಲಿ ಇಲ್ಲ. ‘ಅನ್ನಾ, ಚಿಲ್ಲರ ಉಂದಾ?’ ಎಂದು ಆಕೆ ತೆಲುಗಿನಲ್ಲಿ ಚಿಲ್ಲರೆ ಕೇಳುತ್ತಾಳೆ. ಗಿರಾಕಿಯ ಬಳಿ ಒಂಬತ್ತು ರೂಪಾಯಿ ಇದ್ದರೆ ಮುನ್ನೂರು ಕೊಟ್ಟು ಮುಗಿಸಬಹುದು. ಇಲ್ಲದಿದ್ದರೆ? 290 ಕೊಟ್ಟರೆ ಗಿರಾಕಿಗೆ ಸಿಟ್ಟು, ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು. 292 ಕೊಟ್ಟರೆ ಗಿರಾಕಿಗೆ ಸಮಾಧಾನ, ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ. ಇಂಥ ಬಿಲ್ಲುಗಳು ಒಂದು ಪಾಳಿಯಲ್ಲಿ ಎಷ್ಟೋ ಆಗುತ್ತವೆ. ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಎದುರಿನ ಪರದೆಯಲ್ಲಿ ಒಂದೊಂದು ಆರ್ಡರಿನ ಸೆಕೆಂಡುಗಳು ಓಡುತ್ತಿರುತ್ತವೆ.

ನೋಟನ್ನು ಪರೀಕ್ಷಿಸುವುದೂ ಆಕೆಯದೇ ಕೆಲಸ. ಈಗಿನ 500ರ ನೋಟು ಕಲ್ಲುಬೂದು ಬಣ್ಣದ್ದು, ಹಿಂಬದಿಯಲ್ಲಿ ಕೆಂಪುಕೋಟೆ. ಓರೆ ಹಿಡಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು, ಎಡಬಲದ ಅಂಚಿನಲ್ಲಿ ಬೆರಳಿಗೆ ತಾಕುವ ಐದೈದು ಗೆರೆಗಳಿರಬೇಕು. ಇಷ್ಟನ್ನೂ ಗಿರಾಕಿಗೆ ಅವಮಾನವಾಗದ ಹಾಗೆ ಒಂದೆರಡು ಸೆಕೆಂಡಿನಲ್ಲಿ ನೋಡಬೇಕು. ಅನುಭವಿ ಕ್ಯಾಷಿಯರುಗಳು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠ ಇನ್ನೊಂದಿದೆ: ಗಿರಾಕಿ ಕೊಟ್ಟ ದೊಡ್ಡ ನೋಟನ್ನು ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಡ್ರಾಯರಿನ ಒಳಗೆ ಹಾಕಬೇಡ, ಮೇಲೆಯೇ ಕಾಣುವಂತೆ ಇಡು. ಇನ್ನೂರು ಕೊಟ್ಟವರು ಐನೂರು ಕೊಟ್ಟೆ ಎಂದರೆ ತೋರಿಸಲು ಅದೊಂದೇ ಸಾಕ್ಷಿ.

ಹತ್ತು ರೂಪಾಯಿ ನಾಣ್ಯದ ಜಗಳ ಆಂಧ್ರದಲ್ಲೂ ಇದೆ, ನಮ್ಮಲ್ಲೂ ಇದೆ. ಇದು ನಡೆಯುವುದಿಲ್ಲ ಎಂದು ಗಿರಾಕಿಗಳು ತಳ್ಳುತ್ತಾರೆ, ಕ್ಯಾಷಿಯರ್ ನಡುವೆ ಸಿಕ್ಕಿಬೀಳುತ್ತಾರೆ. ಹತ್ತು ರೂಪಾಯಿಯ 14 ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ, ಎಲ್ಲವೂ ಸಕ್ರಮ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿಯವರೆಗೆ ಪಾವತಿ ಮಾಡಬಹುದು.

ಯುಪಿಐ ಬಂದ ಮೇಲೆ ಈ ತಲೆನೋವೆಲ್ಲ ಹೋಯಿತಲ್ಲ ಎನ್ನುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ, ಅದೇ ವರ್ಷ ನವೆಂಬರ್ 8ರ ನೋಟು ರದ್ದತಿಯ ನಂತರ ಹಳ್ಳಿಯ ಚಹಾ ಅಂಗಡಿಯನ್ನೂ ಮುಟ್ಟಿದ್ದು ನಿಜ, ಚಿಲ್ಲರೆಯ ಸಂಕಟ ಕಡಿಮೆಯಾದದ್ದೂ ನಿಜ. ಆದರೆ ಹೊಸ ಸಂಕಟಗಳು ಹುಟ್ಟಿವೆ. ಗಿರಾಕಿಯ ಖಾತೆಯಿಂದ ಹಣ ಹೋಗಿದೆ, ಅಂಗಡಿಯ ಯಂತ್ರದಲ್ಲಿ ಬಂದಿಲ್ಲ. ಗಿರಾಕಿ ಮೊಬೈಲ್ ಮುಖಕ್ಕೆ ಹಿಡಿದು ‘ಕಟ್ ಆಗಿದೆ ನೋಡಿ’ ಎನ್ನುತ್ತಾರೆ. ಯಂತ್ರ ಒಪ್ಪದೆ ಕ್ಯಾಷಿಯರ್ ತಿಂಡಿ ಕೊಡುವಂತಿಲ್ಲ, ಏಕೆಂದರೆ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರೂ ಇದ್ದಾರೆ. ಇಲ್ಲಿ ಓದುಗರು ನೆನಪಿಡಬೇಕಾದ ನಿಯಮವೊಂದಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ಅಂಗಡಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಾತರಿ ಸಿಗದೇ ಹೋದರೆ, ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಆ ಹಣ ಇರುವುದು ಬ್ಯಾಂಕುಗಳ ನಡುವೆ. ಕೌಂಟರಿನ ಹುಡುಗಿಯನ್ನು ಕಳ್ಳಿಯೆಂಬಂತೆ ನೋಡಿದರೆ ಅದು ಬೇಗ ಬರುವುದಿಲ್ಲ.

ಎಲ್ಲಕ್ಕಿಂತ ಅಪಾಯದ ತಪ್ಪು ದುಡ್ಡಿನದಲ್ಲ, ಸಸ್ಯಾಹಾರ ಮಾಂಸಾಹಾರದ್ದು. ಪರದೆಯ ಮೇಲೆ ಒಂದರ ಪಕ್ಕದಲ್ಲೇ ಇನ್ನೊಂದು ಗುಂಡಿ. ಬೆರಳು ಜಾರಿದರೆ ಸಸ್ಯಾಹಾರಿಯ ತಟ್ಟೆಗೆ ಕೋಳಿ ಹೋಗುತ್ತದೆ. ಕಾರ್ತಿಕ ಮಾಸದಲ್ಲಿ, ಅಯ್ಯಪ್ಪ ಮಾಲೆ, ಭವಾನಿ ಮಾಲೆ ಧರಿಸುವ ದಿನಗಳಲ್ಲಿ ಆಂಧ್ರದ ಎಷ್ಟೋ ಮನೆಗಳು ಮಾಂಸ ಬಿಡುತ್ತವೆ. ವಿಜಯವಾಡದ ಇಂದ್ರಕೀಲಾದ್ರಿಯ ಕನಕದುರ್ಗೆಯ ದಸರಾಕ್ಕೆ ಬಂದ ಕುಟುಂಬ ಬಸ್ಸು ಹಿಡಿಯುವ ಮುನ್ನ ಮಕ್ಕಳಿಗೆಂದು ಒಂದು ಬರ್ಗರ್ ಕೇಳಿದರೆ, ಆರ್ಡರನ್ನು ಎರಡೆರಡು ಸಲ ಓದಿ ಹೇಳಿ ಖಚಿತಪಡಿಸಿಕೊಳ್ಳುವುದು ಕ್ಯಾಷಿಯರಿನ ಧರ್ಮ. ಹಾಗೆ ಓದಿ ಹೇಳುವಾಗ ಬೇಸರಪಡದೆ ಕೇಳಿಸಿಕೊಳ್ಳುವುದು ನಮ್ಮ ಧರ್ಮ.

ಲೆಕ್ಕ ತಾಳೆಯಾಗದಿದ್ದರೆ

ಪಾಳಿ ಮುಗಿದ ಮೇಲೆ ಬರುವುದು ಎಣಿಕೆ. ಹಲವು ಅಂಗಡಿಗಳಲ್ಲಿ, ಕಂಪ್ಯೂಟರಿನ ಪ್ರಕಾರ ಎಷ್ಟಿರಬೇಕು ಎಂಬುದನ್ನು ಕ್ಯಾಷಿಯರಿಗೆ ಮೊದಲೇ ತಿಳಿಸುವುದಿಲ್ಲ. ಆಕೆ ನೋಟು ನಾಣ್ಯಗಳನ್ನು ಬೇರೆ ಬೇರೆ ಜೋಡಿಸಿ, ಎಣಿಸಿ, ಮೊತ್ತ ಬರೆದುಕೊಟ್ಟ ಮೇಲೆ ಮ್ಯಾನೇಜರ್ ತಾಳೆ ನೋಡುತ್ತಾರೆ. ಕಡಿಮೆ ಬಂದರೆ ತಪ್ಪು. ಹೆಚ್ಚು ಬಂದರೂ ತಪ್ಪೇ, ಏಕೆಂದರೆ ಯಾರಿಗೋ ಚಿಲ್ಲರೆ ಕಡಿಮೆ ಕೊಟ್ಟಿದ್ದಾಳೆ ಅಥವಾ ಬಿಲ್ಲು ಮಾಡದೆ ದುಡ್ಡು ತೆಗೆದುಕೊಂಡಿದ್ದಾಳೆ ಎಂಬ ಅನುಮಾನ ಬರುತ್ತದೆ. ಹೆಚ್ಚು ಕಡಿಮೆಗಳೆಲ್ಲ ಆಕೆಯ ಹೆಸರಿನ ಮುಂದೆ ದಾಖಲಾಗುತ್ತವೆ.

ಕ್ಯಾಷಿಯರಿನ ಮೇಲಿನ ಈ ಅನುಮಾನ ಯಂತ್ರದ ಹುಟ್ಟಿನಷ್ಟೇ ಹಳೆಯದು. ಅಮೆರಿಕದ ಡೇಟನ್ ಊರಿನಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ, ಕೆಲಸಗಾರರು ಗಲ್ಲಾದ ಹಣ ಕದಿಯುತ್ತಾರೆಂಬ ಚಿಂತೆಯಿಂದ 1879ರಲ್ಲಿ ಮೊದಲ ಕ್ಯಾಷ್ ರಿಜಿಸ್ಟರಿಗೆ ಪೇಟೆಂಟ್ ಪಡೆದ. ಇಂದು ಬೆಂಜ್ ಸರ್ಕಲ್ಲಿನ ಕೌಂಟರಿನಲ್ಲಿರುವ ಟಚ್‌ಸ್ಕ್ರೀನಿನ ಮೂಲಪುರುಷ ಆ ಪೆಟ್ಟಿಗೆಯೇ. ಮಾಲೀಕರ ಹಣಕ್ಕೆ ಕಾವಲು ಬೇಕು, ಅದರಲ್ಲಿ ತಕರಾರಿಲ್ಲ. ಕದ್ದವರನ್ನು ಹಿಡಿಯಲು ಕ್ಯಾಮೆರಾ ಇದೆ, ಲಾಗಿನ್ ಇದೆ, ಪೊಲೀಸ್ ಠಾಣೆ ಇದೆ. ಪ್ರಶ್ನೆ ಇರುವುದು ಕದಿಯದೆ ಲೆಕ್ಕ ತಪ್ಪಿದವರ ವಿಷಯದಲ್ಲಿ. ನೂರಾರು ಬಿಲ್ಲುಗಳ ಗದ್ದಲದಲ್ಲಿ 120 ರೂಪಾಯಿ ಕಡಿಮೆ ಬಿದ್ದರೆ ಅದನ್ನು ಯಾರು ತುಂಬಬೇಕು?

ಎಷ್ಟೋ ಕಡೆ ಇದಕ್ಕೆ ಸಿದ್ಧ ಉತ್ತರ: ಕ್ಯಾಷಿಯರ್ ತುಂಬಬೇಕು. ಕಿಸೆಯಿಂದ ತುಂಬಬೇಕು, ಇಲ್ಲವೇ ತಿಂಗಳ ಸಂಬಳದಲ್ಲಿ ಖೋತಾ. ಸಣ್ಣ ಹೋಟೆಲು, ಬೇಕರಿ, ಪೆಟ್ರೋಲ್ ಬಂಕ್‌ಗಳಲ್ಲೂ ಇದೇ ರೂಢಿ. ಕೆಲಸಕ್ಕೆ ಸೇರಿದ ಹುಡುಗರು ಇದೇ ಕಾನೂನೆಂದು ನಂಬಿಬಿಡುತ್ತಾರೆ.

ಕಾನೂನು ಹಾಗಿಲ್ಲ. 1936ರ ವೇತನ ಪಾವತಿ ಕಾಯ್ದೆಯಿಂದಲೂ ಹಾಗಿರಲಿಲ್ಲ. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2019ರ ವೇತನ ಸಂಹಿತೆಯಲ್ಲೂ ಹಾಗಿಲ್ಲ. ಲೆಕ್ಕ ಕೊಡಬೇಕಾದ ಹಣ ಕಳೆದುಹೋದಾಗ ಸಂಬಳದಲ್ಲಿ ಕಡಿತ ಮಾಡಲು ಅವಕಾಶವಿದೆ, ಆದರೆ ಷರತ್ತುಗಳಿವೆ. ನಷ್ಟ ನೇರವಾಗಿ ಆ ಕೆಲಸಗಾರರ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ಆಗಿರಬೇಕು. ಕಡಿತ ಆದ ನಷ್ಟಕ್ಕಿಂತ ಒಂದು ಪೈಸೆಯೂ ಹೆಚ್ಚಿರಬಾರದು. ಕಡಿತಕ್ಕೆ ಮೊದಲು ಅವರ ವಿವರಣೆ ಕೇಳಲೇಬೇಕು. ಕಡಿತವನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು. ದಂಡ ಹಾಕುವುದಾದರೆ ಅದು ಆ ಅವಧಿಯ ಸಂಬಳದ ಶೇ 3ನ್ನು ಮೀರುವಂತಿಲ್ಲ. ಎಲ್ಲ ಕಡಿತಗಳು ಸೇರಿ ಸಂಬಳದ ಅರ್ಧ ದಾಟುವಂತಿಲ್ಲ.

ಇದರ ಅರ್ಥವನ್ನು ಕೌಂಟರಿಗೆ ತಂದು ನೋಡಿ. ಊಟದ ಬಿಡುವಿನಲ್ಲಿ ಅದೇ ಡ್ರಾಯರನ್ನು ಇನ್ನೊಬ್ಬರು ಬಳಸಿದ್ದರೆ ನಷ್ಟ ಇವರದೇ ಎಂದು ಹೇಳುವುದು ಹೇಗೆ? ಮ್ಯಾನೇಜರ್ ನಡುವೆ ದೊಡ್ಡ ನೋಟುಗಳನ್ನು ತಿಜೋರಿಗೆ ಒಯ್ದಾಗ ಇಬ್ಬರೂ ಎಣಿಸಿ ಸಹಿ ಹಾಕಿದ್ದಾರೆಯೇ? ನೆಟ್‌ವರ್ಕ್ ಹೋಗಿ ಬಿಲ್ಲು ಎರಡು ಸಲ ಆಗಿರಬಹುದೇ? ಇವನ್ನೆಲ್ಲ ಕೇಳುವ ಹಕ್ಕು ಕ್ಯಾಷಿಯರಿಗಿದೆ. ಉತ್ತರ ಸಿಗದೆ ಹಣ ಕಡಿದರೆ ಕಾರ್ಮಿಕ ಇಲಾಖೆಯ ಅಧಿಕಾರಿಗಳ ಮುಂದೆ ಹಕ್ಕು ಕೇಳಬಹುದು. ಅದಕ್ಕೆ ಸಂಹಿತೆ ಮೂರು ವರ್ಷದ ಅವಧಿ ಕೊಟ್ಟಿದೆ. ವೇತನ ಚೀಟಿಯನ್ನು ಬಿಸಾಡದೆ ಇಟ್ಟುಕೊಳ್ಳುವುದು, ತಮ್ಮದೊಂದು ಪುಟ್ಟ ಪುಸ್ತಕದಲ್ಲಿ ದಿನದ ಲೆಕ್ಕ ಬರೆದಿಡುವುದು, ಡ್ರಾಯರಿನ ಪಾಸ್‌ವರ್ಡ್ ಯಾರಿಗೂ ಹೇಳದಿರುವುದು, ಎಣಿಸದೆ ಸಹಿ ಹಾಕದಿರುವುದು, ಈ ನಾಲ್ಕು ರೂಢಿಗಳು ಕ್ಯಾಷಿಯರಿನ ಮುಕ್ಕಾಲು ಕಷ್ಟ ತಪ್ಪಿಸುತ್ತವೆ.

ಕಾಲು ನೋವು, ಮಾತಿನ ನೋವು

ಎಂಟು ಗಂಟೆ ನಿಂತು ನೋಡಿದವರಿಗೆ ಗೊತ್ತು, ನೋವು ಹಿಮ್ಮಡಿಯಿಂದ ಶುರುವಾಗಿ ಸೊಂಟಕ್ಕೆ ಏರುತ್ತದೆ. ವಿಶಾಖಪಟ್ಟಣದ ಸಮುದ್ರ ತೀರದ ಭಾನುವಾರದ ಸಂಜೆಗಳಲ್ಲಿ ನೀರು ಕುಡಿಯಲೂ ಪುರುಸೊತ್ತು ಸಿಗುವುದಿಲ್ಲ. ಗಿರಾಕಿಯಿಲ್ಲದ ಮಧ್ಯಾಹ್ನದ ಹೊತ್ತಿನಲ್ಲೂ ಕೂತರೆ ಶಿಸ್ತಿಲ್ಲವೆಂದು ಹೇಳುವ ಅಂಗಡಿಗಳು ಇವೆ. ಕೂರುವುದಕ್ಕೂ ಹೋರಾಟ ನಡೆದ ರಾಜ್ಯ ಕೇರಳ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಮಹಿಳೆಯರನ್ನು ಹೋರಾಟಗಾರ್ತಿ ವಿಜಿ ಅವರು ಪೆಣ್‌ಕೂಟ್ಟು ಎಂಬ ಸಂಘಟನೆಯಲ್ಲಿ ಒಗ್ಗೂಡಿಸಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದ ನಡುವೆ ಕೂರಲು ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕಾರ್ಖಾನೆಗಳಲ್ಲಿ ನಿಂತು ದುಡಿಯುವವರಿಗೆ ಆಸನ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ ಎಂದೋ ಹೇಳಿತ್ತು. ಅಂಗಡಿಯವರನ್ನು ಆ ಮಾತು ತಲುಪಲು ಎಪ್ಪತ್ತು ವರ್ಷ ಬೇಕಾಯಿತು. ಕೇಂದ್ರದ ಹೊಸ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೂ ನಿಂತೇ ದುಡಿಯಬೇಕಾದವರಿಗೆ ಕೂರುವ ವ್ಯವಸ್ಥೆಯನ್ನು ಮಾಲೀಕರ ಹೊಣೆಗಳಲ್ಲಿ ಸೇರಿಸಿದೆ. ಆಂಧ್ರವೂ ಕರ್ನಾಟಕವೂ ಇದನ್ನು ಕಾಗದದಿಂದ ಕೌಂಟರಿಗೆ ತರಬೇಕು. ಒಂದು ಎತ್ತರದ ಸ್ಟೂಲಿಗೆ ಎಷ್ಟು ಖರ್ಚಾದೀತು?

ಮಾತಿನ ಪೆಟ್ಟು ಇನ್ನೊಂದು ಬಗೆಯದು. ಬೆಲೆ ಏರಿಸಿದ್ದು ಕಂಪನಿ, ಬೈಗುಳ ಕ್ಯಾಷಿಯರಿಗೆ. ಅಡುಗೆಮನೆಯಲ್ಲಿ ತಡವಾದರೂ ಬೈಗುಳ ಕ್ಯಾಷಿಯರಿಗೆ. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹೇಗೆ ಹಾಕಿದಿರಿ ಎಂದು ಜಗಳ ತೆಗೆಯುವವರಿದ್ದಾರೆ. ಕೂತು ತಿನ್ನುವ ಹೋಟೆಲುಗಳಿಗೆ ಆ ಮಿತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದ್ದು ಬಹಳ ಜನಕ್ಕೆ ಗೊತ್ತಿಲ್ಲ. ಮೊಬೈಲ್ ನಂಬರ್ ಕೇಳಿದರೆ ಕೆರಳುವವರಿದ್ದಾರೆ. ಅಲ್ಲಿ ಗಿರಾಕಿಯ ಪಕ್ಷ ಸರಿ: ನಂಬರ್ ಕೊಡದಿದ್ದರೆ ಬಿಲ್ಲಿಲ್ಲ ಎನ್ನಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚಿಸಿದೆ. ಆದರೆ ನಂಬರ್ ಕೇಳು ಎಂದು ಆಕೆಗೆ ಮೇಲಿನವರ ಅಪ್ಪಣೆಯಾಗಿರುತ್ತದೆ. ‘ಕೊಡುವುದಿಲ್ಲಮ್ಮ’ ಎಂದು ಮೆಲ್ಲಗೆ ಹೇಳಿದರೆ ಸಾಕು.

ಕೌಂಟರಿನಲ್ಲಿ ಹೆಣ್ಣುಮಕ್ಕಳು ಎದುರಿಸುವ ಕೆಟ್ಟ ನೋಟ, ಕೆಟ್ಟ ಮಾತುಗಳನ್ನು ಗಿರಾಕಿ ದೇವರೆಂಬ ಹೆಸರಿನಲ್ಲಿ ನುಂಗಿಕೊಳ್ಳಬೇಕಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಸೆಕ್ಷನ್, ಅಲ್ಲಿಗೆ ಬಂದು ಹೋಗುವ ಹೊರಗಿನವರಿಂದಲೂ ಮಹಿಳೆಯರಿಗೆ ರಕ್ಷಣೆ ಕೊಡುವುದು ಮಾಲೀಕರ ಕರ್ತವ್ಯ ಎಂದು ಹೇಳಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೇರಿದ ದಿನವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಸಂಬಳವೆಷ್ಟು, ಮುಂದೇನು?

ಹೋಟೆಲು ಕೆಲಸಗಾರರಿಗೆ ಕನಿಷ್ಠ ವೇತನವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಆಂಧ್ರದಲ್ಲಿ ಅದರ ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಹೊಸ ಕ್ಯಾಷಿಯರಿನ ಸಂಬಳ ಸಾಮಾನ್ಯವಾಗಿ ಈ ಕನಿಷ್ಠದ ಆಸುಪಾಸಿನಲ್ಲೇ ಇರುತ್ತದೆ. ಸರಣಿ ಕಂಪನಿಗಳ ಪರವಾಗಿ ಒಂದು ಮಾತು ಹೇಳಲೇಬೇಕು: ಲೆಕ್ಕಪತ್ರ ಸರಿಯಿರುವ ಅಂಗಡಿಯಲ್ಲಿ ಸಂಬಳ ಬ್ಯಾಂಕಿಗೆ ಬರುತ್ತದೆ, ಪಿಎಫ್, ಇಎಸ್‌ಐ ಸಿಗುತ್ತವೆ. ಪಿಎಫ್‌ಗೆ ಕೆಲಸಗಾರರ ಪಾಲು ಶೇ 12, ಮಾಲೀಕರ ಪಾಲೂ ಅಷ್ಟೇ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ಅದಕ್ಕೆ ಕೆಲಸಗಾರರಿಂದ ಶೇ 0.75, ಮಾಲೀಕರಿಂದ ಶೇ 3.25. ಊರಿನ ಸಣ್ಣ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಇವೆರಡೂ ಕಾಣದವರು ಎಷ್ಟೋ ಮಂದಿ. ಒಳ್ಳೆಯ ಕೆಲಸ ತೋರಿಸಿದವರು ತರಬೇತಿ ಕೊಡುವವರಾಗಿ, ಪಾಳಿ ಮ್ಯಾನೇಜರಾಗಿ, ಮುಂದೆ ಇಡೀ ಅಂಗಡಿಯ ಮ್ಯಾನೇಜರಾಗಿ ಏರುವ ದಾರಿಯೂ ಇಲ್ಲಿದೆ.

ಆದರೆ ಸೇರುವ ಮುನ್ನ ಒಂದು ವಿಷಯ ಗಮನಿಸಬೇಕು. ಕೆಲವರನ್ನು ಕೆಲಸಗಾರರೆಂದು ತೆಗೆದುಕೊಳ್ಳದೆ ಅಪ್ರೆಂಟಿಸ್ ಎಂದು ತೆಗೆದುಕೊಳ್ಳುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವರು ಕಲಿಯುವವರು, ಕಾರ್ಮಿಕರಲ್ಲ. ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಕಾರ್ಮಿಕರಿಗೆ ಸಿಗುವ ರಕ್ಷಣೆಗಳು ಅವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಕಲಿಸುವುದಾದರೆ ಅಪ್ರೆಂಟಿಸ್‌ಶಿಪ್ ಒಳ್ಳೆಯದೇ. ಆದರೆ ಎರಡನೇ ವಾರದಿಂದಲೇ ಪೂರ್ತಿ ಪಾಳಿಯ ಡ್ರಾಯರನ್ನು ಒಪ್ಪಿಸಿ, ಕೊರತೆಗೆ ಹೊಣೆ ಮಾಡಿ, ಹೆಸರಿಗೆ ಮಾತ್ರ ಕಲಿಯುವವರು ಎನ್ನುವುದು ಅನ್ಯಾಯ. ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂದು ಓದಿ ಸಹಿ ಹಾಕಿ. ನೇಮಕಾತಿ ಪತ್ರ ಕೊಡುವುದು ಈಗ ಹೊಸ ಸಂಹಿತೆಯಡಿ ಮಾಲೀಕರ ಕರ್ತವ್ಯ.

ಸಂಬಳದ ವಿಷಯದಲ್ಲಿ ಹೊರಗಿನ ಒಂದು ಉದಾಹರಣೆ ನೋಡಬಹುದು. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫಾಸ್ಟ್‌ಫುಡ್ ಕೆಲಸಗಾರರು ಗಂಟೆಗೆ 15 ಡಾಲರ್ ಕೂಲಿ ಕೇಳಿ ಮುಷ್ಕರ ಹೂಡಿದರು. ಆಗ ಅದು ಕೈಗೆಟುಕದ ಬೇಡಿಕೆ ಎಂದವರೇ ಹೆಚ್ಚು. 2024ರ ಏಪ್ರಿಲ್ 1ರಿಂದ ಕ್ಯಾಲಿಫೋರ್ನಿಯಾದ ದೊಡ್ಡ ಸರಣಿ ಅಂಗಡಿಗಳಲ್ಲಿ ಕನಿಷ್ಠ ಕೂಲಿ ಗಂಟೆಗೆ 20 ಡಾಲರ್ ಆಯಿತು. ಸಂಘಟಿತರಾಗಿ ಕೇಳಿದ್ದರಿಂದ ಸಿಕ್ಕಿತು. ನಮ್ಮಲ್ಲಿ ಈ ಕ್ಷೇತ್ರದ ಯುವಕರು ವರ್ಷ ಎರಡು ವರ್ಷಕ್ಕೆ ಕೆಲಸ ಬದಲಿಸುತ್ತಾರೆ, ಹಾಗಾಗಿ ಒಗ್ಗಟ್ಟು ಕಟ್ಟುವುದು ಕಷ್ಟ. ಯಾರು ಬಂದರೂ ಹೋದರೂ ನಡೆಯುವಂತೆ ಕೆಲಸವನ್ನು ತುಂಡು ಮಾಡಿದ 1948ರ ಪದ್ಧತಿಯ ಫಲ ಇದು.

ಈಗ ಸ್ವಯಂ ಆರ್ಡರ್ ಮಾಡುವ ಪರದೆಗಳು ದೊಡ್ಡ ಅಂಗಡಿಗಳಿಗೆ ಬಂದಿವೆ. ಸ್ವಿಗ್ಗಿ, ಜೊಮ್ಯಾಟೊ ಆರ್ಡರುಗಳು ಕೌಂಟರನ್ನು ದಾಟಿಯೇ ಹೋಗುತ್ತವೆ. ಕ್ಯಾಷಿಯರ್ ಕೆಲಸವೇ ಮಾಯವಾದೀತೇ? ಕಡಿಮೆಯಾದೀತು, ಮಾಯವಾಗದು. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದಾಗ, 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿ ಕರೆಂಟು, ಫೋನು ಎರಡೂ ಹೋದಾಗ, ವ್ಯವಹಾರ ನಡೆಸಲು ಉಳಿಯುವುದು ಕೈಯಲ್ಲಿರುವ ನೋಟು ಮತ್ತು ಅದನ್ನು ಎಣಿಸಬಲ್ಲ ಮನುಷ್ಯ. ಓದು ಬಾರದ ಅಜ್ಜಿಗೆ, ಪರದೆ ಒತ್ತಲು ಹೆದರುವ ಹಳ್ಳಿಯವರಿಗೆ, ಮಗುವಿಗೆ ಕಡಲೆಬೀಜ ಆಗುವುದಿಲ್ಲ ಎಂದು ವಿಚಾರಿಸುವ ತಾಯಿಗೆ ಎದುರಿಗೊಬ್ಬ ಮನುಷ್ಯ ಬೇಕೇ ಬೇಕು.

ಹಾಗಾದರೆ ಮಾಡಬೇಕಾದ್ದೇನು? ಅಂಗಡಿ ನಡೆಸುವವರಿಗೆ ಮೂರು ಮಾತು: ಒಂದು ಡ್ರಾಯರಿಗೆ ಒಬ್ಬರೇ ಕ್ಯಾಷಿಯರ್ ಎಂಬ ನಿಯಮ ಮಾಡಿ, ಕೊರತೆ ಬಿದ್ದರೆ ವಿಚಾರಿಸದೆ ಸಂಬಳ ಮುಟ್ಟಬೇಡಿ, ಕೂರಲು ಆಸನ ಇಡಿ. ಎರಡೂ ರಾಜ್ಯಗಳ ಕಾರ್ಮಿಕ ಇಲಾಖೆಗಳು ಈ ನಿಯಮಗಳನ್ನು ತೆಲುಗು, ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಹೋಟೆಲಿನ ಕೆಲಸಗಾರರ ಕೋಣೆಯಲ್ಲಿ ಅಂಟಿಸಲಿ. ಗಿರಾಕಿಗಳಾದ ನಾವು ಚಿಲ್ಲರೆ ಇದ್ದರೆ ಕೊಡೋಣ, ಸಿಟ್ಟು ಬಂದರೆ ಮ್ಯಾನೇಜರನ್ನು ಕರೆಸಿ ಕೇಳೋಣ, ಕೌಂಟರಿನಲ್ಲಿ ನಿಂತವರ ಮೇಲೆ ಕೂಗಾಡದಿರೋಣ. ಗಲ್ಲಾದ ಲಾಭ ಯಾರದೋ ಅದರ ನಷ್ಟವೂ ಅವರದೇ ಆಗಬೇಕು. ಕನಿಷ್ಠ ಕೂಲಿಗೆ ದುಡಿಯುವ ಮಕ್ಕಳಿಂದ ಅದನ್ನು ವಸೂಲಿ ಮಾಡುವ ರೂಢಿ ವಿಜಯವಾಡದಲ್ಲೂ ಬೇಡ, ಬೆಂಗಳೂರಿನಲ್ಲೂ ಬೇಡ.